ಹೆಬ್ಬೆಟ್ಟಿನಿಂದ ರುಜುವಿಗೆ: ನಮ್ಮ ಸೀಮೆಯ ಅಕ್ಷರದ ಜಮಾ-ಖರ್ಚು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ ಮೊದಲು ನಮ್ಮ ತಲೆಗೆ ಬಂದದ್ದು ಹಾಲಿನ ವಿಚಾರವೇ. ಆದರೆ ಹಾಲಿನ ಲೆಕ್ಕ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತದೆ. ಹಳೆಯದೇನಾದರೂ ಸಿಕ್ಕೀತು ಅಂತ ಬೀರು ತೆಗೆಸಿ ಸದಸ್ಯತ್ವದ ಪುಸ್ತಕ ಬಿಚ್ಚಿದೆವು. ಮೊದಲ ಹಾಳೆಗಳಲ್ಲಿ ರುಜು ಇರಬೇಕಾದ ಜಾಗದಲ್ಲಿ ಶಾಯಿ ಮೆತ್ತಿದ ಹೆಬ್ಬೆಟ್ಟುಗಳು. ಪಕ್ಕದಲ್ಲಿ ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಎಂದು ಬೇರೆ ಯಾರದೋ ಕೈಬರಹ. ಹಾಳೆ ಮಗುಚುತ್ತಾ ಹೋದ ಹಾಗೆ ಹೆಬ್ಬೆಟ್ಟು ಕಮ್ಮಿ, ರುಜು ಜಾಸ್ತಿ. ಗಂಡಸರ ಹೆಸರಿನ ಮುಂದೆ ಹೆಬ್ಬೆಟ್ಟು ಬೇಗ ಮಾಯವಾಗಿದೆ. ಹೆಂಗಸರ ಹೆಸರಿನ ಮುಂದೆ ಬಹಳ ದಿನ ಉಳಿದಿದೆ.

ಆ ಪುಸ್ತಕ ನೋಡಿದ ಮೇಲೆ ಬೇರೆ ವಿಷಯ ಹುಡುಕುವ ಪ್ರಮೇಯ ಬರಲಿಲ್ಲ. ಈ ಸೀಮೆಗೆ ಅಕ್ಷರ ಹೇಗೆ ಬಂತು, ಯಾರ ದುಡ್ಡಿನಲ್ಲಿ ಬಂತು, ಬರುವುದಕ್ಕೆ ಇಷ್ಟು ತಡ ಯಾಕಾಯ್ತು ಎಂಬುದನ್ನು ತಿಳಿದಷ್ಟು ಬರೆಯುತ್ತಿದ್ದೇವೆ.

ಒಂದು ಅಂಕಿಯನ್ನು ಮೊದಲೇ ಹೇಳಿಬಿಡುತ್ತೇವೆ. 2011ರ ಜನಗಣತಿಯ ಪ್ರಕಾರ ನಮ್ಮ ರಾಮನಗರ ಜಿಲ್ಲೆಯ ಸಾಕ್ಷರತೆ ನೂರಕ್ಕೆ 69.22. ಇಡೀ ಕರ್ನಾಟಕದ್ದು 75.36. ನಮ್ಮ ಬೇಲಿಯ ಆಚೆಗಿರುವ ಬೆಂಗಳೂರು ನಗರ ಜಿಲ್ಲೆಯದ್ದು 87.67. ಎಲ್ಲೋ ದೂರದ ಬರಗಾಲದ ಸೀಮೆಯಾಗಿದ್ದರೆ ಏನೋ ಅನ್ನಬಹುದಿತ್ತು. ಬೆಳಿಗ್ಗೆ ರೈಲು ಹತ್ತಿದರೆ ಕಚೇರಿ ಹೊತ್ತಿಗೆ ರಾಜಧಾನಿಯಲ್ಲಿ ಇಳಿಯುವ ನಾವು ರಾಜ್ಯದ ಸರಾಸರಿಗಿಂತ ಆರು ಹೆಜ್ಜೆ ಹಿಂದೆ! ಮುಖ್ಯಮಂತ್ರಿಗಳಿಗೇನೂ ಇಲ್ಲಿ ಬರವಿರಲಿಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ತಾಲ್ಲೂಕಿನ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದವರು. 1994ರಲ್ಲಿ ರಾಮನಗರದಿಂದ ಗೆದ್ದ ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿಯೇ ಆದರು. 2006ರಲ್ಲಿ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದಾಗಲೂ ಅವರು ಇದೇ ಕ್ಷೇತ್ರದ ಶಾಸಕರು. ಇಷ್ಟಿದ್ದೂ ಅಕ್ಷರದ ಲೆಕ್ಕದಲ್ಲಿ ನಾವು ಯಾಕೆ ಹಿಂದೆ ಬಿದ್ದೆವು? ಇದಕ್ಕೆ ಉತ್ತರ ಹುಡುಕಲು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಒಂದಾಣೆ ಸೆಸ್ಸು

ಸರ್ಕಾರದ ಶಾಲೆ ಬರುವ ಮೊದಲು ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಯಾರದಾದರೂ ಮನೆಯ ಜಗುಲಿ ಅಥವಾ ಗುಡಿಯ ಮಂಟಪ, ಹತ್ತಿಪ್ಪತ್ತು ಹುಡುಗರು, ಒಬ್ಬರು ಐಗಳು. ಸಂಬಳ ಅಂತ ಇರಲಿಲ್ಲ. ಸುಗ್ಗಿಯಲ್ಲಿ ರಾಗಿ, ಹಬ್ಬದಲ್ಲಿ ಕಾಣಿಕೆ. ಮರಳಿನ ಮೇಲೆ ಬೆರಳಲ್ಲಿ ತಿದ್ದಬೇಕು, ಮಗ್ಗಿ ಬಾಯಿಪಾಠ ಒಪ್ಪಿಸಬೇಕು. ತಪ್ಪಿದರೆ ಕೋದಂಡ, ಅಂದರೆ ಹಗ್ಗ ಹಿಡಿಸಿ ಜಂತಿಗೆ ನೇತು ಹಾಕುವುದು! ಶಾನುಭೋಗರ ಮಕ್ಕಳು, ಅಂಗಡಿಯವರ ಮಕ್ಕಳು, ಅನುಕೂಲಸ್ಥ ಗೌಡರ ಮನೆಯ ಗಂಡುಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಮಿಕ್ಕವರಿಗೆ ಅದು ತಮ್ಮ ಪಾಲಿನದಲ್ಲ ಎಂಬುದು ಗೊತ್ತೇ ಇತ್ತು.

ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಶುರುವಾದದ್ದು 1857ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲಕ್ಕೆ. ಆಗ ಶಾಲೆ ಅಂದರೆ ಪೇಟೆಯಲ್ಲಿ ಮಾತ್ರ. ಹಳ್ಳಿಯ ಕಡೆ ಸರ್ಕಾರ ಮುಖ ಮಾಡಿದ್ದು 1868ರಲ್ಲಿ, ಬಿ.ಎಲ್. ರೈಸ್ ಎಂಬುವರ ಹೋಬಳಿ ಶಾಲೆಗಳ ಯೋಜನೆಯಿಂದ. ಇವರು ಬೆಂಗಳೂರಿನಲ್ಲೇ ಹುಟ್ಟಿದವರು. ಊರೂರು ಅಲೆದು ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದವರು. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಕಲ್ಲುಬರಹಗಳೆಲ್ಲ ಅವರ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿವೆ. ಕಲ್ಲಿನ ಅಕ್ಷರ ಓದಿಸಿದವರೇ ಹಳ್ಳಿಯ ಮಕ್ಕಳಿಗೂ ಅಕ್ಷರ ಕಲಿಸಲು ಹೊರಟರು ಎನ್ನುವುದು ನಮಗೆ ಬಹಳ ಹಿಡಿಸಿದ ಸಂಗತಿ.

ರೈಸ್ ಸಾಹೇಬರ ಯೋಜನೆ ಸರಳ. ಹೋಬಳಿಗೊಂದು ಶಾಲೆ. ಊರಿನ ರೈತರು ಕೇಳಿಕೊಳ್ಳಬೇಕು, ಕಟ್ಟಡ ಒದಗಿಸಬೇಕು. ಮೇಷ್ಟ್ರನ್ನು ತಯಾರು ಮಾಡಿ ಕಳಿಸುವುದು, ಸಂಬಳ ಕೊಡುವುದು ಸರ್ಕಾರದ ಹೊಣೆ. ರಾಮನಗರ ತಾಲ್ಲೂಕಿನ ನಾಲ್ಕು ಹೋಬಳಿಗಳಾದ ಕಸಬಾ, ಬಿಡದಿ, ಕೈಲಾಂಚ, ಕೂಟಗಲ್‌ಗಳಲ್ಲಿ ಒಂದಾದ ನಮಗೆ ಹೋಬಳಿ ಎಂಬ ಮಾತು ರೆವಿನ್ಯೂ ಇನ್‌ಸ್ಪೆಕ್ಟರು, ನಾಡಕಚೇರಿಗೆ ಸಂಬಂಧಿಸಿದ್ದು. ಅದೇ ಹೋಬಳಿಯನ್ನು ವಿದ್ಯೆಯ ಲೆಕ್ಕಕ್ಕೂ ಹಿಡಿದ ಕಾಲವೊಂದಿತ್ತು.

ದುಡ್ಡು ಎಲ್ಲಿಂದ? ಇಲ್ಲೇ ನಮ್ಮ ಕಥೆಯ ತಿರುಳಿದೆ. ಸರ್ಕಾರ ಕಂದಾಯದ ಜೊತೆ ರೂಪಾಯಿಗೆ ಒಂದಾಣೆ ಲೋಕಲ್ ಸೆಸ್ಸು ವಸೂಲು ಮಾಡುತ್ತಿತ್ತು. ಈಗಿನ ಹುಡುಗರಿಗೆ ಗೊತ್ತಾಗಲೆಂದು ಹೇಳುತ್ತೇವೆ, ಹದಿನಾರಾಣೆಗೆ ಒಂದು ರೂಪಾಯಿ. ಆ ಸೆಸ್ಸಿನ ದೊಡ್ಡ ಪಾಲು ರಸ್ತೆಗೆ ಹೋಗುತ್ತಿತ್ತು, ಒಂದು ಪಾಲನ್ನು ಊರ ಶಾಲೆಗಳಿಗೆಂದು ತೆಗೆದಿಡುತ್ತಿದ್ದರು. ಅಂದರೆ ಭೂಮಿ ಉತ್ತವರೆಲ್ಲ ಶಾಲೆಗೆ ಹಣ ಕಟ್ಟಿದರು. ಆದರೆ ಶಾಲೆಯಲ್ಲಿ ಕೂತದ್ದು ಕೆಲವರ ಮಕ್ಕಳು. ಸರ್ಕಾರಿ ಶಾಲೆ ಧರ್ಮಕ್ಕೆ ಬಂದದ್ದು ಎಂದು ಹೇಳುವವರನ್ನು ಈಗಲೂ ಕೇಳುತ್ತೇವೆ. ಅದು ಧರ್ಮದ್ದಲ್ಲ, ನಮ್ಮ ಮುತ್ತಾತಂದಿರು ಕಂದಾಯದ ಜೊತೆ ಎಣಿಸಿ ಕೊಟ್ಟ ದುಡ್ಡು.

ಯೋಜನೆ ಚಿಗುರುವ ಹೊತ್ತಿಗೆ 1876–78ರ ಮಹಾಕ್ಷಾಮ ಬಂತು. ಧಾತು-ಈಶ್ವರ ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹೊಟ್ಟೆಗೇ ಇಲ್ಲದಾಗ ಬಳಪ ಹಿಡಿಯುವವರು ಯಾರು? 1901ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದು ಜನ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಆಮೇಲಿನ ದೊಡ್ಡ ನೆಗೆತ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಿನದು. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂತು. ಆಯ್ದ ಕೆಲವು ಕಡೆ ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾಯಿತು. ಆ ಆರು ವರ್ಷದಲ್ಲಿ ಸಂಸ್ಥಾನದ ಶಾಲೆಗಳು ನಾಲ್ಕೂವರೆ ಸಾವಿರದಿಂದ ಹತ್ತು ಸಾವಿರದ ಮೇಲಕ್ಕೆ ಹೋದವು; ಓದುವ ಮಕ್ಕಳ ಸಂಖ್ಯೆ ಎರಡರಷ್ಟಕ್ಕಿಂತ ಹೆಚ್ಚಾಯಿತು. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು 1911ರಲ್ಲಿ ಇಂಥದೇ ಮಸೂದೆ ತಂದು ಗೆಲ್ಲಲಾಗದೆ ಹೋದಾಗ ನಮ್ಮ ಸಂಸ್ಥಾನ ಅದನ್ನು ಕೈಲಾದ ಮಟ್ಟಿಗೆ ಮಾಡಿ ತೋರಿಸಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯಿಂದ ಹಿಂದುಳಿದ ಜಾತಿಗಳ ಮಕ್ಕಳಿಗೆ ವಿದ್ಯಾರ್ಥಿವೇತನದ ಬಾಗಿಲು ತೆರೆಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಕಡ್ಡಾಯ ಎನ್ನುವುದು ಆಯ್ದ ಊರುಗಳಿಗೆ ಮಾತ್ರವಾಗಿದ್ದು ಗುಡ್ಡದ ಸಂದಿಯ ಹಟ್ಟಿ-ದೊಡ್ಡಿಗಳಿಗೆ ಬಿಸಿ ತಾಕಲಿಲ್ಲ.

ಶಾಲೆಯನ್ನು ಸಾಕುವವರು ಯಾರು ಎಂಬ ಜಗ್ಗಾಟವೂ ನಡೆದೇ ಇತ್ತು. 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳ ಜವಾಬ್ದಾರಿ ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. ಅವುಗಳ ಕೈಯಲ್ಲಿ ಕಾಸಿಲ್ಲದೆ 1941ರಲ್ಲಿ ಸರ್ಕಾರವೇ ವಾಪಸ್ಸು ತೆಗೆದುಕೊಂಡಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಮತ್ತೆ ಕೆಳಕ್ಕಿಳಿಯಿತು. ಸೊಸೆ ತವರಿಗೂ ಗಂಡನ ಮನೆಗೂ ಓಡಾಡಿದ ಹಾಗೆ!

ಬಾಗಿಲು ತೆರೆದರೂ ಬಾರದ ಮಕ್ಕಳು

ಏಕೀಕರಣವಾದ ಮೇಲೆ 1961ರಲ್ಲಿ ಇಡೀ ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಮೇಷ್ಟ್ರುಗಳು ಮನೆಮನೆಗೆ ಬಂದು ಮಕ್ಕಳ ಹೆಸರು ಬರೆದುಕೊಂಡು ಹೋಗುತ್ತಿದ್ದ ದಿನಗಳು ನಮ್ಮಲ್ಲಿ ಹಿರಿಯರಿಗೆ ನೆನಪಿವೆ. ವಯಸ್ಸು ಗೊತ್ತಿಲ್ಲದ ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ಆರು ತುಂಬಿತು ಅಂತ ಲೆಕ್ಕ. ನಮ್ಮಲ್ಲಿ ಅರ್ಧ ಜನರ ಹುಟ್ಟಿದ ತಾರೀಕು ಜೂನ್ ಒಂದು ಆಗಿರುವುದಕ್ಕೆ ಆ ಮೇಷ್ಟ್ರುಗಳೇ ಕಾರಣ.

ಹೆಸರೇನೋ ಹಾಜರಿ ಪುಸ್ತಕಕ್ಕೆ ಹತ್ತಿತು, ಮಕ್ಕಳು ಬರಬೇಕಲ್ಲ? ಬಂದವರು ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿಗೆ ನಿಂತುಬಿಡುತ್ತಿದ್ದರು. ಇದಕ್ಕೆ ಅಪ್ಪ-ಅಮ್ಮಂದಿರ ಅಜ್ಞಾನ ಕಾರಣ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಾವು ಇದನ್ನು ಪೂರಾ ಒಪ್ಪುವುದಿಲ್ಲ. ಶಾಲೆಗೆ ಫೀಜು ಇಲ್ಲದಿದ್ದರೂ ಮಗುವನ್ನು ಕಳಿಸುವುದಕ್ಕೆ ಖರ್ಚಿತ್ತು. ಒಂದು ಜೊತೆ ಬಟ್ಟೆ, ಸ್ಲೇಟು, ಮಧ್ಯಾಹ್ನದ ಹಿಟ್ಟು. ಎಲ್ಲಕ್ಕಿಂತ ದೊಡ್ಡದು, ಮಗುವಿನ ಕೈ ಮಾಡಬೇಕಾಗಿದ್ದ ಕೆಲಸ.

ನಮ್ಮ ಸೀಮೆಯಲ್ಲಿ ಆ ಕೆಲಸ ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ರಾಗಿ ಹೊಲ, ದನ, ರೇಷ್ಮೆ. ರೇಷ್ಮೆಹುಳ ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಬೇಡುತ್ತದೆ. ಹುಳ ಹಣ್ಣಾದಾಗ ಆರಿಸಿ ಚಂದ್ರಿಕೆಗೆ ಬಿಡಲು ಮನೆಯ ಎಲ್ಲ ಕೈಗಳೂ ಬೇಕು. ಚಿಕ್ಕ ಕೈಯಾದರೆ ಇನ್ನೂ ವಾಸಿ. ಆ ವಾರ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವ ಮನೆಯ ಹುಡುಗಿ ಎಷ್ಟು ಪಾಠ ತಪ್ಪಿಸಿಕೊಂಡಾಳು ಎಂದು ನೀವೇ ಲೆಕ್ಕ ಹಾಕಿ.

ಹೊಲದ ಮನೆಯ ಕಥೆ ಇದಾದರೆ ಪೇಟೆಯ ಕಥೆ ಇದಕ್ಕಿಂತ ಕಷ್ಟದ್ದು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಗೂಡು ಹೋಗುತ್ತಿದ್ದದ್ದು ಚರಕ, ಫಿಲೇಚರುಗಳಿಗೆ; ಅಲ್ಲಿಂದ ನೂಲಿಗೆ ಹುರಿ ಹಾಕುವ ಯಂತ್ರಗಳಿಗೆ. ಕುದಿಯುವ ನೀರಿನ ತೊಟ್ಟಿಯ ಮುಂದೆ, ಯಂತ್ರದ ಸದ್ದಿನ ನಡುವೆ ಎಂಟು-ಹತ್ತು ವರ್ಷದ ಮಕ್ಕಳು ಕೂತಿರುತ್ತಿದ್ದರು. ಅಪ್ಪ ಮಾಲೀಕರ ಹತ್ತಿರ ಮುಂಗಡ ಪಡೆದಿರುತ್ತಿದ್ದ, ಮಗು ತೀರಿಸುತ್ತಿತ್ತು. ಬಾಲಕಾರ್ಮಿಕ ನಿಷೇಧದ ಕಾಯಿದೆ ಬಂದದ್ದು 1986ರಲ್ಲಿ. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಕರ್ನಾಟಕದ ಹೆಸರು ಅದರಲ್ಲಿತ್ತು. ರಾಜಧಾನಿಯ ಪಕ್ಕದಲ್ಲಿದ್ದೂ ನಾವು ಹಿಂದೆ ಬಿದ್ದದ್ದು ಯಾಕೆ ಎಂಬುದಕ್ಕೆ ನಮ್ಮ ಮಟ್ಟಿಗೆ ದೊಡ್ಡ ಉತ್ತರ ಇದೇ. ಬಡತನಕ್ಕಿಂತ ಹೆಚ್ಚಾಗಿ, ಮಗುವಿನ ಕೈಗೆ ದಿನವೂ ಕೂಲಿ ಹುಟ್ಟುವ ಕಸುಬು ಮನೆ ಬಾಗಿಲಲ್ಲೇ ಇತ್ತು.

ಹಾಲಿನವರಾದ ನಾವೂ ಒಂದು ಮಾತು ಒಪ್ಪಿಕೊಳ್ಳಬೇಕು. ಸೀಮೆಹಸು ಬಂದ ಮೇಲೆ ಮನೆಗೆ ವಾರವಾರ ಕಾಸು ಬಂತು, ನಿಜ. ಹಸು ಮೇಯಿಸಲು, ಹುಲ್ಲು ಕೊಯ್ಯಲು, ಬೆಳಿಗ್ಗೆ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಲ್ಲಲು ಎಷ್ಟೋ ಮನೆಗಳಲ್ಲಿ ಕಳಿಸಿದ್ದು ಮಗಳನ್ನೇ. ಮಗ ಬ್ಯಾಗು ಹಾಕಿಕೊಂಡು ಹೋದ. ಹೆಬ್ಬೆಟ್ಟು ಹೆಂಗಸರ ಹೆಸರಿನ ಮುಂದೆ ಯಾಕೆ ಬಹಳ ದಿನ ಉಳಿಯಿತು ಅಂತ ಕೇಳಿದರೆ ಬೇರೆಲ್ಲೂ ಹುಡುಕಬೇಕಿಲ್ಲ.

ಹಾಗೆಂದು ಅಕ್ಷರ ಬಾರದವರನ್ನು ದಡ್ಡರು ಎಂದು ನಾವು ಬರೆಯುತ್ತಿಲ್ಲ. ರಾಮನಗರದ ಹೆದ್ದಾರಿ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಒಂದಕ್ಷರ ಬಾರದವರು ರಾತ್ರಿಯಿಡೀ ಹಾಡುವಷ್ಟು ಕಾವ್ಯ ಎದೆಯಲ್ಲಿಟ್ಟುಕೊಂಡಿದ್ದರು. ಆದರೆ ಸಾಲದ ಪತ್ರಕ್ಕೆ, ಪಹಣಿಗೆ, ಹಾಲಿನ ಚೀಟಿಯ ಫ್ಯಾಟಿನ ಅಂಕಿಗೆ ಆ ಕಾವ್ಯ ಸಹಾಯಕ್ಕೆ ಬರುವುದಿಲ್ಲ. ಓದಲು ಬಾರದವರು ಬೇರೆಯವರ ಕಣ್ಣಿನಿಂದ ಲೆಕ್ಕ ನೋಡಬೇಕು. ಆ ಬೇರೆಯವರು ಒಳ್ಳೆಯವರಾಗಿದ್ದರೆ ಸರಿ.

ಅನ್ನ, ಸೈಕಲ್ಲು, ಹಾಲು

ಮಕ್ಕಳನ್ನು ಶಾಲೆಗೆ ಎಳೆಯುವುದಕ್ಕೆ ಮೊದಲ ಉಪಾಯ ಕಂಡದ್ದು ಹೊಟ್ಟೆಯ ಕಡೆಯಿಂದ. 1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಶಾಲೆಗಳಲ್ಲಿ ಉಪ್ಪಿಟ್ಟು, ಪುಡಿ ಹಾಲು ಕೊಡುತ್ತಿದ್ದರು. ಕೇರ್ ಉಪ್ಪಿಟ್ಟಿನ ಎಣ್ಣೆ ಡಬ್ಬಗಳು ಮುಂದೆ ಊರಿನ ಎಷ್ಟೋ ಮನೆಗಳಲ್ಲಿ ಕಾಳು ತುಂಬುವ ಡಬ್ಬಗಳಾದವು. ಅಲ್ಲಿಂದ ಹಡಗಿನಲ್ಲಿ ಬಂದ ಹಾಲಿನ ಪುಡಿ ಕುಡಿದ ಹುಡುಗರೇ ಮುಂದೆ ಹಾಲಿನ ಸಂಘ ಕಟ್ಟಿದರು ಎಂಬುದು ನಮಗೆ ಆಗಾಗ ನೆನಪಾಗುತ್ತದೆ.

ಅದೇ ಕಾಲಕ್ಕೆ ನಮ್ಮ ಸೀಮೆಯ ಇಬ್ಬರು ಊರು ಬಿಟ್ಟು ಹೋಗಿ ದೊಡ್ಡ ಕೆಲಸ ಮಾಡಿದರು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳನ್ನು ಜಾತಿ ಕೇಳದೆ ಇಟ್ಟುಕೊಂಡು, ಊಟ ಹಾಕಿ ಓದಿಸಿದರು. 2019ರಲ್ಲಿ ಅವರು ಶಿವೈಕ್ಯರಾಗುವವರೆಗೂ ಅದು ನಿಲ್ಲಲಿಲ್ಲ, ಈಗಲೂ ನಿಂತಿಲ್ಲ. ನಮ್ಮ ತಾಲ್ಲೂಕಿನ ಬಾನಂದೂರಿನಲ್ಲಿ 1945ರಲ್ಲಿ ಹುಟ್ಟಿದ ಬಾಲಗಂಗಾಧರನಾಥ ಸ್ವಾಮಿಗಳು ಆದಿಚುಂಚನಗಿರಿಯ ಪೀಠಕ್ಕೆ ಬಂದ ಮೇಲೆ ಶಾಲೆ-ಕಾಲೇಜುಗಳ ಸಾಲನ್ನೇ ತೆರೆದರು. ಕನಕಪುರದಲ್ಲಿ ಗಾಂಧಿವಾದಿ ಎಸ್. ಕರಿಯಪ್ಪನವರು ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿ ಹಳ್ಳಿ ಹುಡುಗರಿಗೆ ಕಾಲೇಜಿನ ಬಾಗಿಲು ತೋರಿಸಿದರು. ಸರ್ಕಾರದ ಖರ್ಚಿನ ಲೆಕ್ಕದಲ್ಲಿ ಇವು ಸಿಗುವುದಿಲ್ಲ. ಭಕ್ತರು ಕೊಟ್ಟ ರಾಗಿ ಮೂಟೆಯ ಲೆಕ್ಕದಲ್ಲಿ ಸಿಗುತ್ತವೆ.

ವಯಸ್ಕರ ಕಡೆಯೂ ಪ್ರಯತ್ನ ನಡೆದಿತ್ತು. 1940ರ ದಶಕದಲ್ಲೇ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ಶಾಲೆಗಳನ್ನು ನಡೆಸಿ, ಹೊಸದಾಗಿ ಓದು ಕಲಿತವರಿಗೆಂದು 'ಬೆಳಕು' ಎಂಬ ವಾರಪತ್ರಿಕೆ ತರುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, 1990ರಲ್ಲಿ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆಯಾದ ಸುದ್ದಿ ಬಂದ ಮೇಲೆ ಕರ್ನಾಟಕದಲ್ಲೂ ಜಾಥಾ, ಬೀದಿನಾಟಕ, ಲಾಟೀನು ಬೆಳಕಿನ ಪಾಠ. ಹುರುಪು ಬಹಳ ಇತ್ತು. ಹಲವರು ಹೆಸರು ಬರೆಯುವುದನ್ನು ಕಲಿತರು. ಆದರೆ ಕಲಿತ ಮೇಲೆ ಓದಲು ಕೈಗೆ ಏನೂ ಸಿಗದಿದ್ದರೆ ಅಕ್ಷರ ಮರೆತುಹೋಗುತ್ತದೆ. ಲಾಟೀನು ಆರಿದ ಮೇಲೆ ಮುಂದಿನ ಪುಸ್ತಕಕ್ಕೆ ದುಡ್ಡಿಡುವ ಯೋಚನೆ ಯಾರೂ ಮಾಡಲಿಲ್ಲ.

ನಿಜವಾದ ಬದಲಾವಣೆ ನಮ್ಮ ಕಣ್ಣೆದುರಿಗೇ ಆಯಿತು, ಹೆಚ್ಚುಕಮ್ಮಿ ನಮ್ಮ ಸಂಘದ ವಯಸ್ಸಿನದೇ ಅದು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡಿನಿಂದ ಶಾಲೆಗೆ ಎರಡನೇ ಕೊಠಡಿ, ಎರಡನೇ ಮೇಷ್ಟ್ರು ಬರತೊಡಗಿದರು. 2001ರಲ್ಲಿ ಶಾಲಾಭಿವೃದ್ಧಿ ಸಮಿತಿಗಳಾಗಿ ತಂದೆತಾಯಿಗಳು ಶಾಲೆಯ ಲೆಕ್ಕ ಕೇಳುವಂತಾಯಿತು. ದುಡಿಯುವ ಮಕ್ಕಳನ್ನು ಬಿಡಿಸಿ ತಂದು ಚಿಣ್ಣರ ಅಂಗಳದಲ್ಲಿ ಕೂರಿಸಿ ತಯಾರು ಮಾಡಿ ತರಗತಿಗೆ ಸೇರಿಸಿದರು. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ 2003ರಲ್ಲಿ ನಮ್ಮ ಕಡೆಗೂ ಬಂತು: ಬಿಸಿ ಅನ್ನ, ಸಾರು, ದಿನವೂ. 2006ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ಲು. ಊರಿನಿಂದ ಐದಾರು ಮೈಲಿ ದೂರದ ಹೈಸ್ಕೂಲಿಗೆ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ಲು ತುಳಿದುಕೊಂಡು ಹೋಗುವುದನ್ನು ಮೊದಲ ಸಲ ನೋಡಿದಾಗ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ಇನ್ ಇವ್ರುನ್ನ ಹಿಡಿಯೋರ್ ಯಾರ್ ಕಣಪ್ಪ" ಅಂದಿದ್ದರು. ಬೈದದ್ದೋ ಹೊಗಳಿದ್ದೋ ಇನ್ನೂ ತಿಳಿದಿಲ್ಲ!

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಮಗುವಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಈ ಪುಡಿ ಅಮೆರಿಕದಿಂದ ಬಂದದ್ದಲ್ಲ, ಕೆ.ಎಂ.ಎಫ್.ನದು, ಅಂದರೆ ನಮ್ಮಂಥ ಸಾವಿರಾರು ಸಂಘಗಳಲ್ಲಿ ಸದಸ್ಯರು ಹಾಕಿದ ಹಾಲಿನದು. ನಾವು ಹಾಕಿದ ಹಾಲಿಗೆ ಸರ್ಕಾರ ದುಡ್ಡು ಕೊಟ್ಟು, ನಮ್ಮ ಮಕ್ಕಳಿಗೇ ಕುಡಿಸಿತು. ಒಂದಾಣೆ ಸೆಸ್ಸಿನ ಕಾಲದಲ್ಲಿ ರೈತ ಕೊಟ್ಟ, ಇನ್ನೊಬ್ಬರ ಮಗ ಕಲಿತ. ಇಲ್ಲಿ ಕೊಟ್ಟವನ ಮನೆಗೇ ಬಂತು. ಆಮೇಲೆ ಮೊಟ್ಟೆ, 2024ರಿಂದ ರಾಗಿ ಮಾಲ್ಟು ಸೇರಿವೆ. ರಾಗಿಯ ಸೀಮೆಯವರಾದ ನಮಗೆ ರಾಗಿ ಅಂಬಲಿ ಸರ್ಕಾರದ ಆದೇಶದಲ್ಲಿ ಬರುವ ದಿನ ಬಂದದ್ದು ನೋಡಿ ನಗುವೂ ಬಂತು, ಸಂತೋಷವೂ ಆಯ್ತು.

ಇದೆಲ್ಲದರ ಫಲ ಅಂಕಿಯಲ್ಲಿ ಕಾಣುತ್ತದೆ. 2001ರಲ್ಲಿ ಈಗಿನ ನಮ್ಮ ಜಿಲ್ಲೆಯ ಭಾಗದ ಸಾಕ್ಷರತೆ 60.71 ಇದ್ದದ್ದು 2011ಕ್ಕೆ 69.22. ಹತ್ತು ವರ್ಷಕ್ಕೆ ಎಂಟೂವರೆ. ಅದೇ ಅವಧಿಯಲ್ಲಿ ರಾಜ್ಯ 66.64ರಿಂದ 75.36ಕ್ಕೆ ಹೋಯಿತು. ಅಂದರೆ ನಾವು ನಡೆದಷ್ಟೇ ರಾಜ್ಯವೂ ನಡೆದಿದೆ, ಮಧ್ಯದ ಅಂತರ ಅಲ್ಲೇ ಇದೆ. ಓಡಿದ್ದೇವೆ, ಹಿಡಿದಿಲ್ಲ. ಹೆಂಗಸರ ಅಂಕಿ 61.50, ಗಂಡಸರದ್ದು 76.76.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಈ ಅಂಕಿ ಏಳು ವರ್ಷ ತುಂಬಿದ ಎಲ್ಲರದ್ದು, ಮುದುಕಿಯರನ್ನೂ ಸೇರಿಸಿ. 1961ರಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂದಾಗ ಆರು ವರ್ಷದ ಹುಡುಗಿಯಾಗಿದ್ದವರಿಗೆ 2011ರಲ್ಲಿ ಐವತ್ತಾರು. ಕಾಯಿದೆ ಅವರ ಹೆಸರಿನಲ್ಲೇ ಬಂದಿತ್ತು, ಶಾಲೆಯೂ ಇತ್ತು, ಮೇಷ್ಟ್ರಿಗೆ ಸಂಬಳವೂ ಆಗುತ್ತಿತ್ತು. ಅವರು ಮಾತ್ರ ಹಿಪ್ಪುನೇರಳೆ ತೋಟದಲ್ಲಿದ್ದರು. 2011ರ ನೂರಕ್ಕೆ ಮೂವತ್ತೆಂಟೂವರೆ ಅನಕ್ಷರಸ್ಥ ಹೆಂಗಸರಲ್ಲಿ ಹೆಚ್ಚಿನವರು ಇವರೇ. ಆಗಿನ ಶಾಲಾ ಮಕ್ಕಳಲ್ಲ. ಅನ್ನ, ಸೈಕಲ್ಲು, ಹಾಲಿಗೆ ಖರ್ಚು ಮಾಡುವ ಬುದ್ಧಿ ಸರ್ಕಾರಕ್ಕೆ ಮೂವತ್ತು ವರ್ಷ ಮೊದಲೇ ಬಂದಿದ್ದರೆ ನಮ್ಮ ಸದಸ್ಯತ್ವದ ಪುಸ್ತಕದ ಮೊದಲ ಹಾಳೆಗಳು ಬೇರೆ ಥರ ಇರುತ್ತಿದ್ದವು.

ಈಗಿನ ಖರ್ಚು

2004ರಿಂದ ಕೇಂದ್ರ ಸರ್ಕಾರ ತೆರಿಗೆಯ ಮೇಲೆ ನೂರಕ್ಕೆ ಎರಡರಂತೆ ಶಿಕ್ಷಣ ಸೆಸ್ಸು ಹಾಕಿತು. 2018ರಿಂದ ಅದು ಆರೋಗ್ಯವನ್ನೂ ಸೇರಿಸಿಕೊಂಡು ನಾಲ್ಕಾಗಿದೆ. ಒಂದಾಣೆಯ ಮೊಮ್ಮಗ ಅನ್ನಬಹುದು. 2024–25ರ ಕರ್ನಾಟಕದ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ ಇಟ್ಟದ್ದು 44,422 ಕೋಟಿ ರೂಪಾಯಿ, ಒಟ್ಟು ಬಜೆಟ್ಟಿನ ನೂರಕ್ಕೆ ಹನ್ನೆರಡು. ಇದರಲ್ಲಿ ಬಹುಪಾಲು ಸಂಬಳಕ್ಕೆ ಹೋಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಮೇಷ್ಟ್ರಿಲ್ಲದೆ ಶಾಲೆ ಯಾವುದು? ನಮ್ಮ ಆಕ್ಷೇಪ ಬೇರೆಯದು. ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರನ್ನು ಶಿಕ್ಷಣಕ್ಕೆ ಕೊಡಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 1968ರ ನೀತಿ, 1986ರ ನೀತಿ, 2020ರ ನೀತಿ, ಮೂರೂ ಅದನ್ನೇ ಮತ್ತೆ ಬರೆದವು. ಆ ಆರು ಇನ್ನೂ ಆರಾಗಿಲ್ಲ.

ಓದಿದರೆ ಏನು ಪ್ರಯೋಜನ ಎಂಬ ಹಳೇ ಪ್ರಶ್ನೆ ಈಗ ಊರಲ್ಲಿ ಕೇಳಿಸುವುದಿಲ್ಲ. 1999ರ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಾರು ತಯಾರಿಕೆ ಆರಂಭವಾಗಿ, ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಎಸ್.ಎಸ್.ಎಲ್.ಸಿ., ಐ.ಟಿ.ಐ. ಅಂದರೆ ಏನು ಬೆಲೆ ಎಂದು ದನ ಕಾಯುವ ಹುಡುಗನಿಗೂ ಗೊತ್ತಾಯ್ತು. ಆದರೆ ಇನ್ನೊಂದು ಕಷ್ಟ ಬಂದಿದೆ. ಬೆಳಿಗ್ಗೆ ಡೈರಿ ಸಾಲು ಕರಗುವ ಹೊತ್ತಿಗೆ ಹಳದಿ ಬಸ್ಸು ಬಂದು ಊರಿನ ಅರ್ಧ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಹಾಲಿನ ಬಟವಾಡೆ ಕೈಗೆ ಬಂದ ದಿನವೇ ಕಾನ್ವೆಂಟಿನ ಫೀಜಿಗೆ ಹೋಗುವ ಮನೆಗಳು ನಮ್ಮಲ್ಲಿ ಬಹಳ. ಇಂಗ್ಲಿಷು ಬೇಕು ಎನ್ನುವ ತಂದೆತಾಯಿಗಳನ್ನು ತಪ್ಪು ಎಂದು ಹೇಳುವ ಧೈರ್ಯ ನಮಗಿಲ್ಲ; ನಮ್ಮ ಮೊಮ್ಮಕ್ಕಳೂ ಅದೇ ಬಸ್ಸಿನಲ್ಲಿದ್ದಾರೆ. ಕೊಠಡಿ, ಶೌಚಾಲಯ, ಅಡಿಗೆಮನೆ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಇರುವ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬೆರಳೆಣಿಕೆ. ಮುತ್ತಾತ ಒಂದಾಣೆ ಕೊಟ್ಟು ಕೇಳಿದ ಶಾಲೆ ಅದು. ಮಕ್ಕಳಿದ್ದಾಗ ಶಾಲೆಗೆ ದುಡ್ಡಿರಲಿಲ್ಲ, ದುಡ್ಡು ಬಂದಾಗ ಮಕ್ಕಳಿಲ್ಲ.

2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂದಿದೆ. ಶಂಷೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಹೆಸರು ಬದಲಾಯಿಸಿ ರೂಢಿಯಾದ ಊರು ನಮ್ಮದು. ಹೊಸ ಹೆಸರಿನಲ್ಲಿ ಬರುವ ಮೊದಲ ಜನಗಣತಿ ಮುಂದಿನದು. 2021ರಲ್ಲಿ ಆಗಬೇಕಾಗಿದ್ದದ್ದು ಮುಂದಕ್ಕೆ ಹೋಗಿ, ಅದರ ಎಣಿಕೆಯ ದಿನ 2027ರ ಮಾರ್ಚ್ 1 ಎಂದು ಸರ್ಕಾರ ಪ್ರಕಟಿಸಿದೆ. ಗಣತಿಯವರು ಮನೆಗೆ ಬಂದಾಗ ಸಾಕ್ಷರರೋ ಅಲ್ಲವೋ ಎಂದು ಕೇಳುತ್ತಾರೆ. ಅವರ ನಿಯಮದಲ್ಲಿ ರುಜು ಹಾಕಲು ಬಂದರೆ ಸಾಲದು. ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲೂ ಬರಬೇಕು, ಬರೆಯಲೂ ಬರಬೇಕು. ನಮ್ಮ ಪುಸ್ತಕದಲ್ಲಿ ಹೆಬ್ಬೆಟ್ಟಿನಿಂದ ರುಜುವಿಗೆ ಬಂದ ಹಲವರು ಆ ಲೆಕ್ಕಕ್ಕೆ ಇನ್ನೂ ಸಿಗುವುದಿಲ್ಲ. ಸಂಜೆ ಹಾಲು ಹಾಕಿ, ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಎಷ್ಟ್ ಬಂದದೆ ನೋಡಪ್ಪ ಫ್ಯಾಟು" ಅಂತ ಪಕ್ಕದ ಹುಡುಗನ ಕೈಗೆ ಕೊಡುವ ತಾಯಂದಿರು ಇವತ್ತೂ ಸಾಲಿನಲ್ಲಿದ್ದರು.